ಬಸ್ ಸ್ಟಾಪಿನ ಎದುರಿನ ಬಾಡಿಗೆ ಮನೆ

ಚಂದಪ್ಪನಿಗೆ ಐವತ್ತೆಂಟು ವರ್ಷವಾಗುವವರೆಗೂ ಬಾಡಿಗೆ ಅನ್ನುವ ವ್ಯವಹಾರ ತಲೆಗೆ ಹತ್ತಿರಲಿಲ್ಲ. ಕುರಿ ಕಾಯುವವನಿಗೆ ಅದು ಹತ್ತುವುದಾದರೂ ಹೇಗೆ? ಕಮತಗಿಯಿಂದ ಒಳಗೆ ಹೋದರೆ ಸಿಗುವ ಸಣ್ಣ ಹಳ್ಳಿಯೊಂದರಲ್ಲಿ ಅವನದೂ ಒಂದು ಮನೆ ಇತ್ತು. ಆದರೆ ಅಲ್ಲಿ ಅವನು ಮಲಗುತ್ತಿದ್ದದ್ದು ವರ್ಷಕ್ಕೆ ಒಂದೆರಡು ತಿಂಗಳಷ್ಟೇ. ಉಳಿದ ದಿನವೆಲ್ಲ ಹಿಂಡಿನ ಹಿಂದೆ. ಜೊತೆಗೆ ಹೆಂಡತಿ ರೇಣವ್ವ, ಮಗ ರಾಜಕುಮಾರ, ಪಾತ್ರೆ ಪಗಡ ಹೊರುವ ಒಂದು ಕುದುರೆ, ಎರಡು ನಾಯಿ. ಸುಗ್ಗಿ ಮುಗಿದ ಹೊಲಗಳಿಗೆ ರೈತರೇ ಅವರನ್ನು ಕರೆಯುತ್ತಿದ್ದರು. ಮುನ್ನೂರು ಕುರಿ ನಾಲ್ಕು ದಿನ ಒಂದು ಹೊಲದಲ್ಲಿ ಮಲಗಿ ಎದ್ದರೆ ಭೂಮಿಗೆ ಬೇರೆ ಗೊಬ್ಬರ ಬೇಡ. ಅದಕ್ಕೆಂದು ಹೊಲದವರು ಜೋಳ ಅಳೆದುಕೊಡುತ್ತಿದ್ದರು, ಹಬ್ಬವಿದ್ದರೆ ಹೋಳಿಗೆಯನ್ನೂ ಕಳಿಸುತ್ತಿದ್ದರು. ಇರಲು ಜಾಗ ಕೊಟ್ಟವರೇ ಉಣ್ಣಲೂ ಕೊಡುತ್ತಾರೆ. ಲೋಕದ ರೀತಿ ಅದೇ ಎಂದು ಚಂದಪ್ಪ ತಿಳಿದಿದ್ದ. ತಾನು ಇರುವುದಕ್ಕೆ ತಾನೇ ದುಡ್ಡು ಕೊಡಬೇಕು ಎಂದು ಮೊದಲ ಸಲ ಕೇಳಿದಾಗ ಅವನಿಗೆ ನಗು ಬಂತು.

ಆದರೆ ಅದು ನಗುವ ಹೊತ್ತಾಗಿರಲಿಲ್ಲ. ಮೊಣಕಾಲು ನೋವಿಗೆಂದು ಹತ್ತು ವರ್ಷ ಸಿಕ್ಕಸಿಕ್ಕ ಊರಿನ ಅಂಗಡಿಯಲ್ಲಿ ಗುಳಿಗೆ ಕೊಂಡು ನುಂಗಿದ್ದ. ಬೆಳಿಗ್ಗೆ ಒಂದು ನುಂಗಿದರೆ ಸಂಜೆಯವರೆಗೆ ನಡೆಯಬಹುದಿತ್ತು. ಒಂದು ಬೇಸಿಗೆಯಲ್ಲಿ ಮುಖ ಊದಿತು, ಕಾಲು ಊದಿತು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಬಾಗಲಕೋಟೆಯ ಸರಕಾರಿ ಆಸ್ಪತ್ರೆಯಲ್ಲಿ ರಕ್ತ ನೋಡಿದ ಡಾಕ್ಟರು ರೇಣವ್ವನನ್ನು ಪಕ್ಕಕ್ಕೆ ಕರೆದು, ಎರಡೂ ಕಿಡ್ನಿ ಕೈಬಿಟ್ಟಿವೆ, ಇನ್ನು ಮೇಲೆ ವಾರಕ್ಕೆ ಎರಡು ಸಲ ಯಂತ್ರಕ್ಕೆ ಹಚ್ಚಿ ರಕ್ತ ಸೋಸಬೇಕು, ಒಂದು ಸಲವೂ ತಪ್ಪಿಸುವಂತಿಲ್ಲ ಎಂದು ಹೇಳಿದರು.

"ಎಷ್ಟು ದಿನಾರಿ?" ಎಂದು ರೇಣವ್ವ ಕೇಳಿದಳು.

"ಇರೂತನಕ" ಎಂದರು ಡಾಕ್ಟರು. ಅದನ್ನು ಅವರು ಮೆತ್ತಗೆ, ಕಣ್ಣು ತಪ್ಪಿಸದೆ ಹೇಳಿದ್ದರಿಂದ ರೇಣವ್ವ ಅಳಲಿಲ್ಲ.

ಸೋಮವಾರ ಮತ್ತು ಗುರುವಾರ ಅವನ ಪಾಳಿ. ಮೊದಲ ಮೂರು ತಿಂಗಳು ಹಳ್ಳಿಯಿಂದಲೇ ಓಡಾಡಿದರು. ಹಳ್ಳಿಗೆ ಬಸ್ ಬರುವುದು ದಿನಕ್ಕೆ ಎರಡು ಸಲ, ಅದೂ ಬಂದರೆ ಬಂತು. ಇಲ್ಲವಾದರೆ ಯಾರದಾದರೂ ಮೋಟರ್ ಸೈಕಲ್ಲಿನ ಮೇಲೆ ಕಮತಗಿಗೆ ಬಂದು, ಅಲ್ಲಿಂದ ಬಾಗಲಕೋಟೆಯ ಬಸ್ ಹಿಡಿಯಬೇಕು. ಹೋಗುವಾಗ ಹೇಗೋ ಹೋಗುತ್ತಿದ್ದ. ನಾಲ್ಕು ತಾಸು ಯಂತ್ರದ ಪಕ್ಕ ಮಲಗಿ ಎದ್ದ ಮೇಲೆ ಕಾಲು ಹತ್ತಿಯಾಗುತ್ತಿದ್ದವು, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಒಂದು ಸಂಜೆ ಕಮತಗಿಗೆ ಬರುವಷ್ಟರಲ್ಲಿ ಹಳ್ಳಿಯ ಬಸ್ ಹೋಗಿಬಿಟ್ಟಿತ್ತು. ಅಂಗಡಿಯೊಂದರ ಕಟ್ಟೆಯ ಮೇಲೆ ಅವನನ್ನು ಮಲಗಿಸಿಕೊಂಡು ರೇಣವ್ವ ಕೂತಳು. ಅಂದೇ ಅವಳು ನಿರ್ಧಾರ ಮಾಡಿದಳು.

"ಕುರಿ ರಾಜಕುಮಾರ ನೋಡ್ಕೊಳ್ಳಲಿ. ನಾವು ಬಾಗಲಕೋಟಿಗೆ ಹೋಗೂಣು. ದವಾಖಾನಿ ಹತ್ರ ಮನಿ ಮಾಡೂಣು."

"ಮನಿ ಮಾಡೂದಂದ್ರ?"

"ಬಾಡಿಗಿ ಮನಿರಿ. ಲೋಕದಾಗ ಎಲ್ಲಾರೂ ಮಾಡಂಗಿಲ್ಲೇನು?"

ಆಸ್ಪತ್ರೆ ಇರುವುದು ನವನಗರದಲ್ಲಿ. ಹಳೆ ಬಾಗಲಕೋಟೆಯ ಅರ್ಧ ಭಾಗ ಹಿನ್ನೀರಿನಲ್ಲಿ ಮುಳುಗಿದಾಗ ಸರಕಾರ ಕಟ್ಟಿದ ಊರು ಅದು. ಗೆರೆ ಎಳೆದ ಹಾಗೆ ನೇರ ರಸ್ತೆಗಳು, ಸೆಕ್ಟರುಗಳು, ಪ್ರತಿ ಸೆಕ್ಟರಿಗೊಂದು ನಂಬರು. ಚಂದಪ್ಪನ ಕಣ್ಣಿಗೆ ಎಲ್ಲ ಓಣಿಯೂ ಒಂದೇ ರೀತಿ ಕಂಡವು. ಎರಡು ದಿನ ಗಂಡಹೆಂಡತಿ ಬಾಗಿಲು ಬಾಗಿಲಿಗೆ ಹೋಗಿ ನಿಂತರು. ಒಬ್ಬರು ಏನು ನೌಕರಿ ಎಂದು ಕೇಳಿದರು. ಇನ್ನೊಬ್ಬಾಕೆ ಚಂದಪ್ಪನ ಹೆಗಲ ಮೇಲಿದ್ದ ಕಂಬಳಿಯನ್ನು ನೋಡಿ, ಮೂಗಿಗೆ ಸೆರಗು ಹಿಡಿದು, ಮನೆ ಖಾಲಿ ಇಲ್ಲ ಅಂದಳು; ಬಾಗಿಲ ಮೇಲೆ ಬಾಡಿಗೆಗಿದೆ ಎಂಬ ಬೋರ್ಡು ತೂಗಾಡುತ್ತಲೇ ಇತ್ತು. ಮೂರನೆಯವರು ಎಲ್ಲ ಒಪ್ಪಿ, ಬೀಗದ ಕೈ ತರಲು ಎದ್ದವರು, ಯಂತ್ರಕ್ಕೆ ಹಚ್ಚುವ ಮಾತು ಬಂದದ್ದೇ ಕೂತುಬಿಟ್ಟರು. "ದವಾಖಾನಿ ಮಂದಿ ಬ್ಯಾಡ್ರಿ. ನಾಳಿ ಏನರ ಆದ್ರ ನಮ್ಮ ಮನಿಗೆ ಹೆಸರು ಬರತೈತಿ."

ಎರಡನೆಯ ದಿನ ಮಧ್ಯಾಹ್ನ ಇಬ್ಬರೂ ಸೋತು ಮುಖ್ಯ ರಸ್ತೆಯ ಬಸ್ ಸ್ಟಾಪಿನಲ್ಲಿ ಕೂತಿದ್ದರು. ಎದುರಿನ ಮನೆಯ ಕಟ್ಟೆಯ ಮೇಲೆ ಬನಿಯನ್ ತೊಟ್ಟ ಮುದುಕನೊಬ್ಬ ಕುಳಿತು, ಬಸ್ ಹೋದಾಗಲೆಲ್ಲ ಕೈಗಡಿಯಾರ ನೋಡಿಕೊಂಡು ಏನೋ ಗೊಣಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೂಗಿ ಕೇಳಿದ.

"ಯಾವ ಬಸ್ಸಿಗೆ ಕುಂತೀರಿ?"

"ಕಮತಗಿ ಕಡೆ ಹೋಗಬೇಕ್ರಿ."

"ಅದು ಈಗ ಹೋತಲ್ರಿ ನಿಮ್ಮ ಮುಂದ! ಇನ್ನ ಮುಕ್ಕಾಲು ತಾಸು ಐತಿ. ಬರ್ರಿ, ನೆಳ್ಳಾಗ ಕೂಡ್ರಿ. ಇವಳ, ನೀರು ತಗೊಂಬಾ."

ಅವನ ಹೆಸರು ಮಲಕಪ್ಪ. ಮೂವತ್ತೊಂದು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿವೃತ್ತನಾದವನು. ಹೆಂಡತಿ ಇಂದ್ರಾಬಾಯಿ ತಂದ ತಂಬಿಗೆಯನ್ನು ಚಂದಪ್ಪ ಮುಟ್ಟಲಿಲ್ಲ. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹಾಕಿದ್ದರು. ಬಿಸಿಲಲ್ಲಿ ಬಂದವನು ನೀರು ಬೇಡವೆಂದದ್ದಕ್ಕೆ ಮಲಕಪ್ಪ ಹುಬ್ಬೇರಿಸಿದ. ಮುಚ್ಚಿಟ್ಟು ಪ್ರಯೋಜನವಿಲ್ಲ ಅನ್ನಿಸಿತು ಚಂದಪ್ಪನಿಗೆ.

"ಎಲ್ಲಾ ಮೊದಲ ಹೇಳಿಬಿಡ್ತೇನ್ರಿ. ನಾವು ಮನಿ ಹುಡುಕಾಕ ಬಂದಿದ್ವಿ. ನಾವು ಕುರುಬರು, ಕಂಬಳಿ ಹಾಸ್ಕೊಂಡು ಮಲಗತೇವಿ. ನನಗ ಕಿಡ್ನಿ ಬ್ಯಾನಿ ಐತಿ. ವಾರಕ್ಕ ಎರಡು ಸಲ ರಕ್ತ ಸೋಸಬೇಕು, ಇರೂತನಕ. ಇದನ್ನ ಕೇಳಿ ಬ್ಯಾಡ ಅನ್ನೂದಿದ್ರ ಈಗ ಅಂದುಬಿಡ್ರಿ, ಬಸ್ ಬಂದ ಕೂಡ್ಲೆ ಹೋಗ್ತೇವಿ."

ಮಲಕಪ್ಪ ಅವನ ಹೆಗಲ ಮೇಲಿನ ಕಂಬಳಿಯನ್ನು ನೋಡಿದ.

"ಕುರಿ ತರ್ತೀರೇನು?"

"ಇಲ್ರಿ. ಅವು ಮಗನ ಕಡೆ ಅದಾವ."

"ಹಂಗಾರ ತ್ರಾಸೇನೈತಿ?" ಮಲಕಪ್ಪ ಎದ್ದು ಒಳಗೆ ಹೋಗಿ, ಮಗ್ಗುಲ ಕೋಣೆಯ ಬೀಗದ ಕೈ ತಂದ. "ಮುಳುಗಡ್ಯಾಗ ನಮ್ಮ ಮನಿ ಹೋದಾಗ ನಾವೂ ಹಿಂಗ ಗಂಟು ಇಟ್ಕೊಂಡು ಈ ರಸ್ತಾದ ಮ್ಯಾಲ ನಿಂತಿದ್ವಿ. ಆವಾಗ ಇಲ್ಲಿ ಒಂದು ಗಿಡ ಇರಲಿಲ್ಲ. ದವಾಖಾನಿ ಎರಡು ಸ್ಟಾಪ್. ಬಾಗಲಾ ತಗದ್ರ ಬಸ್. ನಿಮಗ ಇದಕ್ಕಿಂತ ಚಲೋ ಮನಿ ಎಲ್ಲಿ ಸಿಗತೈತಿ ಹೇಳ್ರಿ ನೋಡೂಣು?"

ಒಂದು ಕೋಣೆ, ಅದಕ್ಕೆ ಹೊಂದಿದ ಅಡುಗೆ ಮನೆ, ಹಿತ್ತಲಲ್ಲಿ ಬಚ್ಚಲು. ಮುಂದಿನ ಸೋಮವಾರದ ಹೊತ್ತಿಗೆ ಅವರು ಬಂದು ಇಳಿದರು. ಗ್ಯಾಸಿನ ಒಲೆ ಹಚ್ಚುವುದನ್ನು ಇಂದ್ರಾಬಾಯಿ ರೇಣವ್ವನಿಗೆ ಕಲಿಸಿದಳು. ಮೂರು ಕಲ್ಲಿನ ಒಲೆಯಲ್ಲಿ ಗಾಳಿಗೆ ಬೆನ್ನು ಕೊಟ್ಟು ರೊಟ್ಟಿ ಸುಡುತ್ತಿದ್ದವಳಿಗೆ ಮೊದಲ ವಾರ ಆ ನೀಲಿ ಬೆಂಕಿಯ ಮೇಲೆ ನಂಬಿಕೆಯೇ ಬರಲಿಲ್ಲ. ಚಂದಪ್ಪನದು ಬೇರೆ ಫಜೀತಿ. ತಲೆಯ ಮೇಲೆ ಸ್ಲ್ಯಾಬ್ ಇದ್ದರೆ ಯಾರೋ ಎದೆಯ ಮೇಲೆ ಕೂತಂತೆ ಅವನಿಗೆ. ಕಂಬಳಿ ಎತ್ತಿಕೊಂಡು ಕಟ್ಟೆಗೆ ಬಂದು ಮಲಗುತ್ತಿದ್ದ. ಮಲಕಪ್ಪ ಬೇಡವೆನ್ನಲಿಲ್ಲ. "ಮಳಿಗಾಲ ಬಂದ್ರ ತಾನ ಒಳಗ ಹೋಗ್ತಾನ ಬಿಡು" ಎಂದು ಹೆಂಡತಿಗೆ ಹೇಳಿದ. ಹಾಗೆಯೇ ಆಯಿತು.

ಎರಡು ಸ್ಟಾಪ್ ದೂರದ ಆಸ್ಪತ್ರೆಗೆ ಸಿಟಿ ಬಸ್ಸಿನಲ್ಲಿ ಹತ್ತು ನಿಮಿಷ. ಯಂತ್ರದಿಂದ ಎದ್ದು ಅರ್ಧ ತಾಸಿನೊಳಗೆ ತನ್ನ ಹಾಸಿಗೆಯಲ್ಲಿ ಕಾಲು ಚಾಚುವುದು ಎಂಥ ಸುಖ ಎಂಬುದು ಕಮತಗಿಯ ಕಟ್ಟೆಯ ಮೇಲೆ ಮಲಗಿದ್ದವನಿಗೇ ಗೊತ್ತು. ಹೆಂಗಸರಿಗೆ ಬಸ್ಸಿನಲ್ಲಿ ಟಿಕೀಟಿಲ್ಲ ಎಂಬುದು ರೇಣವ್ವನಿಗೆ ಇನ್ನೊಂದು ಹೆಮ್ಮೆ. ಆಧಾರ್ ಕಾರ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು, ಕಂಡಕ್ಟರು ಬಂದೊಡನೆ ಬಿಚ್ಚಿ ತೋರಿಸಿ, ಗಂಡನ ಕಡೆ ಬೊಟ್ಟು ಮಾಡುತ್ತಿದ್ದಳು. "ನಂದು ಫ್ರೀ. ಅವರದು ಅವರ ಕೊಡ್ತಾರ."

ಆಸ್ಪತ್ರೆ ಇಲ್ಲದ ದಿನಗಳಲ್ಲಿ ಮಾಡಲು ಕೆಲಸವಿರಲಿಲ್ಲ. ಚಂದಪ್ಪ ಮಲಕಪ್ಪನ ಪಕ್ಕ ಕಟ್ಟೆಯ ಮೇಲೆ ಕೂತು, ಅರ್ಧ ಕಪ್ಪು ಚಹಾವನ್ನು ಒಂದು ತಾಸು ಕುಡಿಯುತ್ತ, ಬಸ್ಸು ನೋಡುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಬೋರ್ಡಿನ ಅಕ್ಷರಗಳೆಲ್ಲ ಒಂದೇ. ಆದರೆ ಮುನ್ನೂರು ಕುರಿಯಲ್ಲಿ ಯಾವ ಮರಿ ಯಾವ ತಾಯಿಯದು ಎಂದು ಹೇಳುವವನಿಗೆ ಬಸ್ಸುಗಳ ಗುರುತು ಹಿಡಿಯುವುದು ಎಷ್ಟರ ಮಾತು? ತಿಂಗಳೊಪ್ಪತ್ತಿನಲ್ಲಿ ಅವನು ನೋಡದೆಯೇ ಹೇಳತೊಡಗಿದ. ಬಾದಾಮಿಯ ಬಸ್ಸು ಎಡಕ್ಕೆ ವಾಲಿಕೊಂಡು ಬರುತ್ತದೆ, ಕಾಲು ಉಳುಕಿದ ಟಗರಿನಂತೆ. ಬೆಳಗಿನ ಇಳಕಲ್ ಬಸ್ಸಿನ ಹಿಂಬದಿಯ ಗಾಜೊಂದು ಸಡಿಲ, ಗಲಗಲ ಅನ್ನುತ್ತದೆ. ಗುಳೇದಗುಡ್ಡದ್ದು ನಿಲ್ಲುವ ಮೊದಲು ಎರಡು ಸಲ ಕೆಮ್ಮುತ್ತದೆ.

"ನಾ ಮೂವತ್ತೊಂದು ವರ್ಷ ಅದರಾಗ ದುಡದೇನಿ, ನನಗ ಇದು ತಿಳೀಲಿಲ್ಲಲ್ಲೋ!" ಎಂದು ಮಲಕಪ್ಪ ಬೆರಗಾದ.

ಕುರಿಗಳ ನೆನಪು ಬರುತ್ತಿರಲಿಲ್ಲವೆಂದಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ರಾಜಕುಮಾರ ಫೋನು ಮಾಡಿ, ಹಿಂಡನ್ನು ಗದ್ದನಕೇರಿ ಕ್ರಾಸಿನ ಹತ್ತಿರದ ಹೊಲಕ್ಕೆ ಹೊಡೆದುಕೊಂಡು ಬಂದಿದ್ದೇನೆ ಅಂದ. ಅಪ್ಪ ಬಸ್ಸಿನಲ್ಲಿ ಬರುವಷ್ಟು ಹತ್ತಿರ ಇರಲಿ ಎಂದೇ ಆ ಹೊಲ ಒಪ್ಪಿಕೊಂಡಿದ್ದನಂತೆ. ಚಂದಪ್ಪ ಬಸ್ಸಿನಲ್ಲಿ ಕೂತು ಕುರಿ ನೋಡಲು ಹೋದ. ಹುಟ್ಟಿದಾಗಿನಿಂದ ಕುರಿಯ ಹಿಂದೆ ನಡೆದವನು ಟಿಕೀಟು ತೆಗೆಸಿ ಕುರಿ ನೋಡಲು ಹೋಗುವುದು ಅವನಿಗೇ ವಿಚಿತ್ರ ಅನ್ನಿಸಿತು. ಬದುವಿನ ಮೇಲೆ ನಿಂತು ನಾಲಿಗೆ ಮಡಿಚಿ ಒಂದು ಸದ್ದು ಮಾಡಿದ. ಮೇಯುತ್ತಿದ್ದ ಹಿಂಡು ತಲೆ ಎತ್ತಿತು. ಹಳೆಯ ಕುರಿಗಳು ಬಂದು ಅವನ ಧೋತರದ ಚುಂಗು ಮೂಸಿದವು. ಮಗ ಆ ಕಡೆ ತಿರುಗಿ ನಿಂತ, ಅಪ್ಪ ಕಣ್ಣೊರೆಸಿಕೊಳ್ಳುವುದು ಕಾಣದಿರಲೆಂದು. ಸಂಜೆಯ ಬಸ್ಸಿಗೆ ಚಂದಪ್ಪ ವಾಪಸ್ಸು ಬಂದ. ರೇಣವ್ವ ಅವನ ಕಂಬಳಿಯನ್ನು ಮೂಗಿಗೆ ಹಿಡಿದು ನೋಡಿ ನಕ್ಕಳು.

ಆಸ್ಪತ್ರೆಯ ಆ ವಾರ್ಡಿನಲ್ಲಿ ಅವನ ಪಾಳಿಯವರು ಏಳು ಮಂದಿ. ಹೋದೊಡನೆ ಏಳೂ ಹಾಸಿಗೆಯ ಮೇಲೆ ಕಣ್ಣು ಹಾಯಿಸಿ ಎಣಿಸುವುದು ಅವನಿಗೆ ರೂಢಿಯಾಗಿತ್ತು. ಅವರಲ್ಲಿ ಎಲ್ಲರಿಗಿಂತ ಸಣ್ಣವಳು ಶಹನಾಜ, ಇಳಕಲ್ಲಿನ ಹುಡುಗಿ, ಇಪ್ಪತ್ತೇಳು ವರ್ಷ. ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಬೆಳಿಗ್ಗೆ ಆರಕ್ಕೆ ಇಳಕಲ್ಲಿನಲ್ಲಿ ಬಸ್ ಹತ್ತಿ, ಎಂಟೂವರೆಗೆ ಸರಿಯಾಗಿ ಮಲಕಪ್ಪನ ಮನೆಯೆದುರು ಇಳಿಯುತ್ತಿದ್ದಳು. ಅಲ್ಲಿಂದ ಮೂವರೂ ಸಿಟಿ ಬಸ್ಸಿನಲ್ಲಿ ಆಸ್ಪತ್ರೆಗೆ. ಚಂದಪ್ಪನಿಗೆ ಕಾಕಾ, ರೇಣವ್ವನಿಗೆ ಕಾಕಿ ಅನ್ನುತ್ತಿದ್ದಳು. ಅವಳ ಅವ್ವ ನಜಮಾ ಸೀರೆಗೆ ಕುಚ್ಚು ಕಟ್ಟಿ ಬದುಕುವಾಕೆ, ಪ್ರತಿ ಸಲ ಮಗಳ ಜೊತೆ ಬರಲು ಆಗುತ್ತಿರಲಿಲ್ಲ. ಸಂಜೆ ಮತ್ತೆ ಎರಡೂವರೆ ತಾಸಿನ ದಾರಿ ಹಿಡಿಯುವ ಹುಡುಗಿಯ ಚೀಲಕ್ಕೆ ರೇಣವ್ವ ಒಂದು ರೊಟ್ಟಿ ಕಟ್ಟಿ ಹಾಕುತ್ತಿದ್ದಳು.

ಸಂಕ್ರಾಂತಿ ಮುಗಿದ ವಾರ ಶಹನಾಜಳ ತಂಗಿಯ ಮದುವೆ. ಸೋಮವಾರ ಬರುವುದಾಗುವುದಿಲ್ಲ ಎಂದು ಮೊದಲೇ ಹೇಳಿದ್ದಳು. ವಾರ್ಡಿನ ನರ್ಸ್ ಸಿಸ್ಟರ್ ಮಾಯಾ ಬೈದಿದ್ದಳು, ಚಂದಪ್ಪನೂ ಹೇಳಿದ್ದ. "ಗುರುವಾರ ಏನ ಆಗಲಿ ಬರಬೇಕವ್ವ. ಮದವಿ ಊಟದಾಗ ಬಾಯಿ ಹಿಡಿ."

ಗುರುವಾರ ಬಂತು. ಎಂಟೂವರೆಗೆ ಗಾಜಿನ ಗಲಗಲ ಕೇಳಿಸಿತು. ಚಂದಪ್ಪ ಎದ್ದು ನಿಂತ. ಬಸ್ಸು ಬಂತು, ವೇಗ ಇಳಿಸಿತು. ಯಾರೂ ಇಳಿಯಲು ಬಾಗಿಲಿಗೆ ಬರದ್ದರಿಂದ ನಿಲ್ಲದೆ ಹೋಯಿತು.

"ಬಂದಿಲ್ಲೇನ ಇವತ್ತ" ಎಂದಳು ರೇಣವ್ವ. "ಮದವಿ ಮನಿ, ದಣಿವಾಗಿರಬೇಕು. ನಡೀರಿ, ನಮ್ಮ ಬಸ್ ಬಂತು."

ಚಂದಪ್ಪ ಹತ್ತಲಿಲ್ಲ. "ಫೋನ್ ಹಚ್ಚು."

ರೇಣವ್ವ ಹಚ್ಚಿದಳು. ಗಂಟೆ ಬಾರಿಸುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಎರಡನೆಯ ಸಲವೂ ಅಷ್ಟೆ. ಸಿಟಿ ಬಸ್ಸು ಅವರನ್ನು ಬಿಟ್ಟು ಹೋಯಿತು.

"ಮನ್ಯಾಗಿದ್ರ ಯಾರರ ಒಬ್ರು ಎತ್ತತಿದ್ರು" ಅಂದ ಚಂದಪ್ಪ. "ಮದವಿ ಮನ್ಯಾಗ ಮಂದಿ ಇರಂಗಿಲ್ಲೇನು? ಆಕಿ ಬಸ್ಸಿನಾಗ ಅದಾಳ. ಇಳದಿಲ್ಲ."

ಹಿಂಡಿನಲ್ಲಿ ಒಂದು ಕುರಿ ಕಡಿಮೆಯಾದರೆ ಕುರುಬನಿಗೆ ಕೂಳು ಇಳಿಯುವುದಿಲ್ಲ. ಮೊಣಕಾಲಿನ ನೋವು ಮರೆತು ಅವನು ಮಲಕಪ್ಪನ ಬಾಗಿಲಿಗೆ ಓಡಿದ. ಮಲಕಪ್ಪ ಗಡ್ಡ ಕೆರೆಯುತ್ತಿದ್ದ, ಅರ್ಧ ಮುಖದಲ್ಲಿ ಸಾಬೂನು. ಮಾತು ಮುಗಿಯುವ ಮೊದಲೇ ಕತ್ತಿ ಕೆಳಗಿಟ್ಟ.

"ಅದು ಬೆಳಗಾವಿ ಹೋಗೂ ಗಾಡಿ. ಸ್ಟ್ಯಾಂಡಿನಾಗ ಐದು ಮಿನಿಟ್ ನಿಲ್ಲತೈತಿ." ಬಸ್ ನಿಲ್ದಾಣದ ಕಂಟ್ರೋಲರಿಗೆ ಫೋನು ಹಚ್ಚಿದ. ಬಸ್ಸು ಆಗಲೇ ಹೊರಟಿತ್ತು. ಆದರೆ ಆ ಗಾಡಿಯ ಕಂಡಕ್ಟರನ ನಂಬರು ಸಿಕ್ಕಿತು. ಮಲಕಪ್ಪ ಆ ಹುಡುಗನನ್ನು ಬಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ ಕೈಕೆಳಗೇ ಕಲಿತವನು.

"ಲೇ ತಮ್ಮಾ, ನಾ ಮಲಕಪ್ಪ. ಇಳಕಲ್ಲಿನಾಗ ಹತ್ತಿದ ಒಬ್ಬ ಹೆಣ್ಣುಮಗಳು, ಒಬ್ಬಾಕಿನ, ನಿನ್ನ ಗಾಡ್ಯಾಗ ಅದಾಳೇನು ನೋಡು."

ಫೋನಿನಲ್ಲಿ ಗದ್ದಲ ಕೇಳಿಸಿತು. ಆಮೇಲೆ ಕಂಡಕ್ಟರನ ದನಿ. "ಹಿಂದಿನ ಸೀಟಿನಾಗ ಒಬ್ಬಾಕಿ ಅದಾಳ್ರಿ. ಕಿಡಕಿಗೆ ತಲಿ ಹಚ್ಚಿ ಮಲಗ್ಯಾಳ. ಎಬ್ಬಿಸಿದ್ರ ಏಳವಲ್ಲಳು."

"ಎಡಗೈ ನೋಡು ಅನ್ರಿ" ಎಂದ ಚಂದಪ್ಪ. "ಮೊಣಕೈ ಹತ್ರ ನರ ಉಬ್ಬೈತೇನು? ಮುಟ್ಟಿದ್ರ ಗುಂಯ್ ಅನ್ನತೈತೇನು?" ಸೂಜಿ ಚುಚ್ಚಲೆಂದು ನರ ಜೋಡಿಸಿದ ಆ ಗುರುತು ಅವರ ಪಾಳಿಯ ಏಳೂ ಮಂದಿಯ ಕೈಯಲ್ಲಿತ್ತು.

"ಹೌದ್ರಿ, ಗುಂಯ್ ಅನ್ನಾಕತ್ತೈತಿ!"

"ಆಕೀನ" ಎಂದ ಚಂದಪ್ಪ. ಗಾಡಿ ನಿಲ್ಲಿಸಿ ಆಂಬುಲೆನ್ಸ್ ಕರಿ ಎಂದು ಮಲಕಪ್ಪ ಫೋನಿನಲ್ಲಿ ಕೂಗಿದ.

ಗದ್ದನಕೇರಿ ಕ್ರಾಸಿನಲ್ಲಿ ಬಸ್ಸು ನಿಂತಿತು. ಆಂಬುಲೆನ್ಸು ಬರುವವರೆಗೆ ಇಡೀ ಬಸ್ಸಿನ ಮಂದಿ ಕೆಳಗಿಳಿದು ಕಾದರಂತೆ, ಒಬ್ಬರೂ ತಡವಾಯಿತೆಂದು ಗೊಣಗಲಿಲ್ಲವಂತೆ. ಕಂಡಕ್ಟರ್ ಹುಡುಗ ಆಮೇಲೆ ಬಂದು ಹೇಳಿದ ಮಾತಿದು.

ಚಂದಪ್ಪ ಮತ್ತು ರೇಣವ್ವ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಶಹನಾಜಳನ್ನು ಸ್ಟ್ರೆಚರಿನ ಮೇಲೆ ಒಳಗೆ ತರುತ್ತಿದ್ದರು. ಎದೆಯಲ್ಲಿ ನೀರು ತುಂಬಿತ್ತು, ತುಟಿ ನೀಲಿಯಾಗಿದ್ದವು. ಏಳರಲ್ಲಿ ಆರು ಯಂತ್ರಗಳಿಗೆ ಆಗಲೇ ಜನರನ್ನು ಹಚ್ಚಿಯಾಗಿತ್ತು. ಖಾಲಿ ಇದ್ದದ್ದು ಒಂದೇ, ಚಂದಪ್ಪನಿಗೆಂದು ಸಜ್ಜು ಮಾಡಿಟ್ಟದ್ದು. ಶಹನಾಜಳ ಜಾಗವನ್ನು ಅವಳು ಬರಲಿಲ್ಲವೆಂದು ಆಗಷ್ಟೇ ಒಬ್ಬ ತುರ್ತು ರೋಗಿಗೆ ಕೊಟ್ಟಿದ್ದರು. ಸಿಸ್ಟರ್ ಮಾಯಾ ಒಂದು ಕ್ಷಣ ಚಂದಪ್ಪನ ಮುಖ ನೋಡಿದಳು. ಅವಳು ಕೇಳುವ ಮೊದಲೇ ಅವನು ಕೈ ಆಡಿಸಿದ.

"ಆಕೀಗೆ ಹಚ್ಚರಿ. ನಂದು ಆಮ್ಯಾಲ ನೋಡೂಣು."

"ಕಾಕಾ, ನಿಮಗ ಸಂಜೀತನಕ ತಡ ಆಗತೈತಿ."

"ಆಗವಲ್ದ್ಯಾಕ! ನಮ್ಮ ಮನಿ ಇಲ್ಲೇ ಐತಲ್ಲ."

ಮಾಯಾ ಅವನ ತೂಕ, ರಕ್ತದೊತ್ತಡ ಎಲ್ಲ ನೋಡಿ, ಡಾಕ್ಟರನ್ನು ಕೇಳಿ, ಅವರು ಕಾಯಬಹುದು ಎಂದ ಮೇಲೆಯೇ ಬಿಟ್ಟಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಚಂದಪ್ಪ ಕೂತ. ತಾನು ಈಗಷ್ಟೇ ಆಡಿದ ಮಾತು ಅವನ ತಲೆಯಲ್ಲಿ ಸುತ್ತತೊಡಗಿತು. ಹಳ್ಳಿಯಿಂದ ಓಡಾಡುತ್ತಿದ್ದ ದಿನಗಳಾಗಿದ್ದರೆ ಈ ಮಾತು ಬಾಯಿಗೆ ಬರುತ್ತಿತ್ತೇ? ಸಂಜೆಯ ಬಸ್ಸು ತಪ್ಪಿದರೆ ಗತಿಯಿಲ್ಲ ಎಂದು ಮಾಯಾಳ ಕಣ್ಣು ತಪ್ಪಿಸಿ ಹೋಗಿ ಮಲಗಿಬಿಡುತ್ತಿದ್ದೆನೋ ಏನೋ. ಒಳ್ಳೆಯತನ ತನ್ನೊಬ್ಬನದೇ ಅಲ್ಲ. ಅರ್ಧ ಆ ಎರಡು ಸ್ಟಾಪಿನದು, ಅರ್ಧ ಮಲಕಪ್ಪ ಕೊಟ್ಟ ಬೀಗದ ಕೈಯದು. ಕುಲದೇವರು ಬೀರಪ್ಪನ ಹೆಸರು ಹೇಳಿ ಹಣೆ ಮುಟ್ಟಿಕೊಂಡ. ಯಾರಿಗೆ ಕೈ ಮುಗಿಯಬೇಕೆಂದು ಸರಿಯಾಗಿ ಗೊತ್ತಾಗದೆ ಬೆಂಚಿಗೂ ಒಂದು ಸಲ ಮುಗಿದ.

ಮಧ್ಯಾಹ್ನದ ಹೊತ್ತಿಗೆ ಶಹನಾಜ ಕಣ್ಣು ತೆರೆದಳು. ಇಳಕಲ್ಲಿನಿಂದ ಓಡಿಬಂದ ನಜಮಾ ಮಗಳ ಕಾಲ ಬಳಿ ನಿಂತು ರೇಣವ್ವನ ಎರಡೂ ಕೈ ಹಿಡಿದುಕೊಂಡಳು.

"ನಾ ಹೊತ್ತೇನಿ, ನಾ ಹಡದೇನಿ. ಇವತ್ತ ನೀವು ಕೊಟ್ಟೀರಿ ಆಕೀನ್ನ ನನಗ."

"ಹಂಗ ಅನಬ್ಯಾಡ್ರಿ ಯವ್ವಾ. ನಾ ಏನೂ ಮಾಡಿಲ್ಲ. ನಾ ಬಸ್ ಹತ್ತು ಅಂದಾಕಿ. ಹತ್ತಲಾರದವ್ರು ಅವರು" ಎಂದು ರೇಣವ್ವ ಗಂಡನತ್ತ ಗೋಣು ಹಾಕಿದಳು. ಅವಳ ಕಣ್ಣಲ್ಲಿ ನೀರಿತ್ತು, ಜೊತೆಗೆ ಸಣ್ಣದೊಂದು ನಾಚಿಕೆ.

ಮೂರಕ್ಕೆ ಚಂದಪ್ಪನ ಪಾಳಿ ಬಂತು, ಏಳಕ್ಕೆ ಮುಗಿಯಿತು. ಸ್ಟಾಪಿನಲ್ಲಿ ಇಳಿದಾಗ ಮಲಕಪ್ಪ ರಸ್ತೆಯವರೆಗೂ ಬಂದು ಕಾಯುತ್ತಿದ್ದ. ಅವನ ಮುಖದ ಅರ್ಧ ಗಡ್ಡ ಹಾಗೆಯೇ ಇತ್ತು.

"ಅಣ್ಣಾರ, ನಿಮ್ಮ ಉಪಕಾರ..." ಎಂದು ಚಂದಪ್ಪ ಶುರುಮಾಡಿದ.

"ಸುಮ್ನಿರಪಾ, ದೊಡ್ಡದು ಹಚ್ಚಬ್ಯಾಡ. ಸಾಬೂನು ಒಣಗಿ ಮಾರಿ ಉರಿಯಾಕತ್ತೈತಿ" ಎಂದು ಮಲಕಪ್ಪ ಅವನ ಹೆಗಲ ಕೆಳಗೆ ಕೈ ಕೊಟ್ಟು ಒಳಗೆ ಕರೆದೊಯ್ದ.

ಆ ಮೇಲೆ ಇಳಕಲ್ಲಿನಿಂದ ಓಡಾಡುವುದು ಬೇಡವೆಂದು ಡಾಕ್ಟರು ಖಡಾಖಂಡಿತ ಹೇಳಿದರು. ನಜಮಾ ಮನೆ ಹುಡುಕಬೇಕಾಗಲಿಲ್ಲ. ಇಂದ್ರಾಬಾಯಿ ಹಿಂದಿನ ಓಣಿಯ ತನ್ನ ತಂಗಿಯ ಮನೆಗೆ ಹೋಗಿ, ಖಾಲಿ ಇದ್ದ ಕೋಣೆಯನ್ನು ತಾನೇ ಮಾತಾಡಿ ಬಂದಳು. ತಂಗಿ ಏನೋ ಅಡ್ಡಮಾತು ತೆಗೆದಳಂತೆ. "ನಿನ್ನ ಬಾಡಿಗಿಗೆ ನಾ ಹೊಣಿ, ಅವರ ನಡತಿಗೆ ಚಂದಪ್ಪ ಹೊಣಿ. ಇನ್ನೇನು ಬೇಕು ನಿನಗ?" ಎಂದು ಇಂದ್ರಾಬಾಯಿ ಕೇಳಿದ್ದಳಂತೆ. ತಾಯಿಮಗಳು ಬಂದು ಇದ್ದರು. ನಜಮಾ ಕುಚ್ಚು ಕಟ್ಟುವ ಸೀರೆಗಳನ್ನು ಬಸ್ಸಿನಲ್ಲೇ ತರಿಸಿಕೊಳ್ಳುತ್ತಾಳೆ, ಮುಗಿಸಿ ಬಸ್ಸಿನಲ್ಲೇ ಕಳಿಸುತ್ತಾಳೆ. ಶಹನಾಜ ಸಂಜೆ ಓಣಿಯ ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ಮಕ್ಕಳ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಚಂದಪ್ಪನೂ ಕೂರುತ್ತಾನೆ. ಮೊದಲು ಬೇಡವೆಂದ. "ನನಗ ಬೋರ್ಡ್ ಯಾಕವ್ವ? ಬಸ್ಸಿನ ಮಾರಿ ನೋಡಿದ್ರ ಸಾಕು."

"ಬಸ್ ಬದಲಿ ಆದ್ರ ಏನು ಮಾಡ್ತೀರಿ ಕಾಕಾ?" ಎಂದಳು ಅವಳು. ಮರುದಿನವೇ ಅವನು ಬಂದು ಕೂತ. ಈಗ ಬಾದಾಮಿ, ಹುನಗುಂದ, ಇಳಕಲ್ ಇಷ್ಟು ಓದುತ್ತಾನೆ. ಗುಳೇದಗುಡ್ಡದ ಹತ್ತಿರ ಇನ್ನೂ ಎಡವುತ್ತಾನೆ.

ಬಾಡಿಗೆ ಮನೆಗೆ ಬಂದು ಎರಡು ವರ್ಷ ದಾಟಿತು. ಕಾಯಿಲೆ ಹೋಗಿಲ್ಲ, ಹೋಗುವುದೂ ಇಲ್ಲ. ಕೆಲವು ಗುರುವಾರ ಸ್ಟಾಪಿನಿಂದ ಮನೆಯ ಹೊಸ್ತಿಲಿಗೆ ಇಪ್ಪತ್ತು ಹೆಜ್ಜೆಯೂ ಇಪ್ಪತ್ತು ಹರದಾರಿಯಾಗುತ್ತದೆ. ಆದರೂ ಬೆಳಗಾಗುತ್ತದೆ, ರೇಣವ್ವ ರೊಟ್ಟಿ ತಟ್ಟುವ ಸದ್ದು ಕೇಳಿಸುತ್ತದೆ, ಬಸ್ಸುಗಳು ಒಂದೊಂದಾಗಿ ಬರುತ್ತವೆ.

ಕಳೆದ ಸೋಮವಾರದ ಮಾತು. ಬಾದಾಮಿಯ ಬಸ್ಸಿನಿಂದ ಐವತ್ತರ ಗಂಡಸೊಬ್ಬ ಇಳಿದ. ಕೈಯಲ್ಲಿ ಆಸ್ಪತ್ರೆಯ ಹಳದಿ ಫೈಲು, ಪಕ್ಕದಲ್ಲಿ ಮುಖ ಊದಿದ ಹೆಂಡತಿ. ಯಾವ ಕಡೆ ಹೋಗಬೇಕೆಂದು ತಿಳಿಯದೆ ಇಬ್ಬರೂ ರಸ್ತೆಯ ಎರಡೂ ಕಡೆ ನೋಡುತ್ತ ನಿಂತರು. ಚಂದಪ್ಪ ಹತ್ತಿರ ಹೋದ.

"ಯಾವೂರ್ರಿ?"

"ಚೊಳಚಗುಡ್ಡರಿ. ಅಮಾತೆಪ್ಪ ಅಂತ. ಈಕೀದು ಇವತ್ತ ಮೊದಲ್ನೇ ಸಲ. ಆ ಮಿಷನ್..." ಅವನು ಫೈಲನ್ನು ಎದೆಗೆ ಒತ್ತಿಕೊಂಡ. "ಭಾಳ ನೋವಾಗತೈತೇನ್ರಿ?"

"ಸೂಜಿ ಚುಚ್ಚುವಾಗ ಅಷ್ಟ. ಆಮ್ಯಾಲ ನಿದ್ದಿ ಬರತೈತಿ" ಎಂದು ಚಂದಪ್ಪ ತನ್ನ ತೋಳು ಮಡಿಚಿ ಗುರುತು ತೋರಿಸಿದ. ಅಮಾತೆಪ್ಪನ ಹೆಂಡತಿ ಬಗ್ಗಿ ನೋಡಿ, ಬೆರಳ ತುದಿಯಿಂದ ಮುಟ್ಟಿದಳು.

"ವಾರಕ್ಕ ಎರಡು ಸಲ ಅಲ್ಲಿಂದ ಓಡ್ಯಾಡ್ತೀರೇನು?" ಎಂದು ಚಂದಪ್ಪ ಕೇಳಿದ.

"ಮತ್ತೇನು ಮಾಡೂಣ್ರಿ. ಇಲ್ಲಿ ನಮಗ ಯಾರು ಮನಿ ಕೊಡ್ತಾರ?"

ಸಿಟಿ ಬಸ್ಸು ಬಂದು ನಿಂತಿತು. ರೇಣವ್ವ ಆ ಹೆಣ್ಣುಮಗಳ ಕೈ ಹಿಡಿದು, ಆಧಾರ್ ಕಾರ್ಡ್ ತಂದಿದ್ದೀರಾ ಎಂದು ಕೇಳುತ್ತ ಮೊದಲು ಹತ್ತಿಸಿದಳು. ಚಂದಪ್ಪ ಅಮಾತೆಪ್ಪನ ಕೈಯಿಂದ ಫೈಲು ಇಸಿದುಕೊಂಡ.

"ಅದನ್ನ ಸಂಜಿಗೆ ಕುಂತು ಮಾತಾಡೂಣು. ಈಗ ಹತ್ರಿ, ನಾನೂ ಅಲ್ಲಿಗೇ ಹೊಂಟೇನಿ."